ತೊಗರಿ ಎಂದು ಒತ್ತಿದ ಮೇಲೆ: ಮೊಬೈಲ್ ಆ್ಯಪ್‌ನ ಪರದೆಗಳು ಮಾತಾಡಿಕೊಳ್ಳುವ ಬಗೆ

2020ರ ಮುಂಗಾರು ಹಂಗಾಮಿನಲ್ಲಿ ಕರ್ನಾಟಕ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪ್ ಅನ್ನು ರೈತರ ಕೈಗೇ ಕೊಟ್ಟಿತು. ತನ್ನ ಹೊಲದಲ್ಲಿ ಏನು ಬಿತ್ತಿದ್ದೇನೆ ಎಂಬುದನ್ನು ರೈತನೇ ದಾಖಲಿಸಿ, ಹೊಲದಲ್ಲೇ ನಿಂತು ಫೋಟೊ ತೆಗೆದು ಅಪ್‌ಲೋಡ್ ಮಾಡುವ ಏರ್ಪಾಡು ಅದು. ತಾವೇ ಮಾಡಲಾಗದವರ ಪರವಾಗಿ ಊರಿನ ಪಿ.ಆರ್.ಗಳು, ಅಂದರೆ ಸಮೀಕ್ಷೆಗೆಂದು ಗೊತ್ತುಮಾಡಿದ ಖಾಸಗಿ ನಿವಾಸಿಗಳು, ಹೊಲ ಹೊಲ ತಿರುಗಿ ಆ ಕೆಲಸ ಮಾಡುತ್ತಾರೆ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ರೈತರಿಗೆ ಈ ದಾಖಲೆಯ ಬೆಲೆ ಚೆನ್ನಾಗಿ ಗೊತ್ತು. ಪಹಣಿಯ ಬೆಳೆ ಕಾಲಂ ತುಂಬುವುದು ಇದರಿಂದ. ಬೆಂಬಲ ಬೆಲೆಗೆ ತೊಗರಿ ಮಾರಲು ಹೆಸರು ಬರೆಸುವಾಗ ನೋಡುವುದು ಇದನ್ನು. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿರುವ ಬೆಳೆ ಇನ್ನೊಂದು ಆಗಿದ್ದರೆ ವಿಮೆಯ ಹಣಕ್ಕೇ ತೊಡಕು.

ಹಾಗಿರುವಾಗ ಇಂಥ ಆ್ಯಪ್ ಬರೆಯುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಬೆಳೆಗಳ ಪಟ್ಟಿಯಲ್ಲಿ ‘ತೊಗರಿ’ ಎಂದು ಬೆರಳು ಒತ್ತಿತು. ಪಟ್ಟಿ ಮರೆಯಾಯಿತು, ಹಿಂದಿನ ಪರದೆ ಮತ್ತೆ ಬಂತು, ಅಲ್ಲಿ ‘ಬೆಳೆ: ತೊಗರಿ’ ಎಂದು ಕಾಣಿಸಿತು. ನಡುವಿನ ಆ ಅರೆಕ್ಷಣದಲ್ಲಿ ತೊಗರಿ ಎಂಬ ಮಾಹಿತಿ ಒಂದು ಪರದೆಯಿಂದ ಇನ್ನೊಂದಕ್ಕೆ ಹೇಗೆ ದಾಟಿತು? ರಾಯಚೂರಿನಲ್ಲಿ ಎಂಜಿನಿಯರಿಂಗ್, ಡಿಪ್ಲೊಮಾ ಓದುತ್ತ ಆ್ಯಪ್ ಬರೆಯಲು ಹೊರಟ ಹುಡುಗ ಹುಡುಗಿಯರಿಗೆ ಈ ಒಂದು ವಿಷಯ ಸರಿಯಾಗಿ ತಲೆಗೆ ಹತ್ತಿದರೆ, ಆ್ಯಪ್ ಕಟ್ಟುವ ಅರ್ಧ ವಿದ್ಯೆ ಕೈಗೆ ಬಂದಂತೆ ಎಂದು ನಾನು ನಂಬಿದ್ದೇನೆ.

ವಿವರಿಸಲು ಅದೇ ಬಗೆಯ ಒಂದು ಪುಟ್ಟ ಆ್ಯಪ್ ನಾವೇ ಕಟ್ಟೋಣ. ಅದಕ್ಕೆ ನಾಲ್ಕು ಪರದೆ. ಮೊದಲನೆಯದು ಊರಿನ ಸರ್ವೆ ನಂಬರ್‌ಗಳ ಪಟ್ಟಿ. ಅದರಲ್ಲಿ ಒಂದನ್ನು ಒತ್ತಿದರೆ ಆ ಹೊಲದ ವಿವರ. ವಿವರದ ಪರದೆಯಲ್ಲಿ ‘ಬೆಳೆ ಆರಿಸಿ’ ಎಂದು ಒತ್ತಿದರೆ ಬೆಳೆಗಳ ಪಟ್ಟಿ: ಹತ್ತಿ, ತೊಗರಿ, ಭತ್ತ, ಜೋಳ, ಸಜ್ಜೆ, ಕಡಲೆ, ಸೂರ್ಯಕಾಂತಿ, ಮೆಣಸಿನಕಾಯಿ. ಕೊನೆಯದು ಫೋಟೊ ತೆಗೆಯುವ ಪರದೆ.

ಐಫೋನ್ ಜಗತ್ತಿನಲ್ಲಿ ಇಂಥ ಒಂದೊಂದು ಪರದೆಯನ್ನೂ ನಡೆಸುವ ಕೋಡ್‌ಗೆ ವ್ಯೂ ಕಂಟ್ರೋಲರ್ ಎನ್ನುತ್ತಾರೆ. ಕಲ್ಪನೆ ಹಳೆಯದು. ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅತಿಥಿಯಾಗಿದ್ದಾಗ ಬರೆದ ಟಿಪ್ಪಣಿಗಳಲ್ಲಿ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ಮೂರು ಪಾಲು ಮಾಡಿದರು. ಮಾಹಿತಿ ಒಂದು ಕಡೆ, ಕಣ್ಣಿಗೆ ಕಾಣುವುದು ಒಂದು ಕಡೆ, ಎರಡನ್ನೂ ಹೊಂದಿಸುವುದು ಮತ್ತೊಂದು ಕಡೆ. ಆಪಲ್ ಪರದೆ ಕಟ್ಟುವ ತನ್ನ ಸಲಕರಣೆ ಯುಐಕಿಟ್ ಅನ್ನು 2008ರಲ್ಲಿ ಹೊರಗಿನ ಪ್ರೋಗ್ರಾಮರ್‌ಗಳಿಗೆ ತೆರೆದಾಗ ಇದೇ ಪಾಲನ್ನು ತನ್ನ ರೀತಿಯಲ್ಲಿ ಅಳವಡಿಸಿಕೊಂಡಿತ್ತು. ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್. ಅಲ್ಲಿ ಇದೇ ಕೆಲಸಕ್ಕೆ ಆಕ್ಟಿವಿಟಿ, ಫ್ರಾಗ್ಮೆಂಟ್ ಎಂಬ ಹೆಸರುಗಳಿವೆ. ಹೆಸರು ಬೇರೆಯಾದರೂ ತೊಡಕು ಒಂದೇ. ಮೊದಲು ಐಫೋನ್ ಕಡೆಯಿಂದ ನೋಡಿ, ಆಮೇಲೆ ಆಂಡ್ರಾಯ್ಡ್‌ಗೆ ಬರುತ್ತೇನೆ.

ಮುಂದಕ್ಕೆ ಕೊಡುವುದು

ಪರದೆಗಳ ನಡುವಿನ ಮಾತುಕತೆಗೆ ಎರಡು ದಿಕ್ಕು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕೆಳಗಿನ ಹೊಲಗಳಿಗೆ ತಾನೇ ಇಳಿದು ಹೋಗುತ್ತದೆ, ಅದೇ ನೀರನ್ನು ಮೇಲಕ್ಕೆ ತರಬೇಕಾದರೆ ಪಂಪ್‌ಸೆಟ್ ಬೇಕು. ಆ್ಯಪ್‌ನಲ್ಲೂ ತೆರೆಯುವ ಪರದೆಯಿಂದ ತೆರೆದುಕೊಳ್ಳುವ ಪರದೆಗೆ ಮಾಹಿತಿ ಕೊಡುವುದು ಸಲೀಸು, ಹಿಂದಕ್ಕೆ ತರುವುದಕ್ಕೆ ಬೇರೆ ಏರ್ಪಾಡು ಬೇಕು.

ಸಲೀಸಾದ ಕಡೆಯೂ ಹೊಸಬರು ಎಡವುವ ಒಂದು ಜಾಗವಿದೆ. ಸರ್ವೆ ನಂಬರ್ ಪಟ್ಟಿಯ ಪರದೆ ಹೊಲದ ವಿವರದ ಪರದೆಯನ್ನು ಹುಟ್ಟಿಸಿ, ಅದರ ಲೇಬಲ್‌ನಲ್ಲಿ ನೇರವಾಗಿ ‘ಸರ್ವೆ ನಂಬರ್ 45’ ಎಂದು ಬರೆಯಲು ಹೋಗುತ್ತದೆ. ಆ್ಯಪ್ ಅಲ್ಲೇ ಬಿದ್ದುಹೋಗುತ್ತದೆ. ಕಾರಣ ಸರಳ: ವ್ಯೂ ಕಂಟ್ರೋಲರ್ ಹುಟ್ಟಿದ ಕ್ಷಣಕ್ಕೆ ಅದರ ಪರದೆ ಇನ್ನೂ ಹುಟ್ಟಿರುವುದಿಲ್ಲ. ಲೇಬಲ್, ಬಟನ್ ಎಲ್ಲ ತಯಾರಾಗುವುದು ಪರದೆ ಲೋಡ್ ಆದಾಗ, ವ್ಯೂ ಡಿಡ್ ಲೋಡ್ ಎಂಬ ಹಂತಕ್ಕೆ ಬರುವಷ್ಟರಲ್ಲಿ. ಪರದೆಗಳನ್ನು ಚಿತ್ರದಂತೆ ಜೋಡಿಸುವ ಸ್ಟೋರಿಬೋರ್ಡ್ ಬಳಸಿ ‘ಪ್ರಿಪೇರ್ ಫಾರ್ ಸೆಗ್ವೇ’ ಎಂಬ ಫಂಕ್ಷನ್‌ನಲ್ಲಿ ಲೇಬಲ್ ಮುಟ್ಟಿದರೂ ಇದೇ ಗತಿ. ಆದ್ದರಿಂದ ಲೇಬಲ್‌ಗಲ್ಲ, ಕಂಟ್ರೋಲರ್‌ನ ಒಂದು ಸಾದಾ ವೇರಿಯಬಲ್‌ಗೆ ಮಾಹಿತಿ ಕೊಡಬೇಕು. ಪರದೆ ಲೋಡ್ ಆದ ಮೇಲೆ ಕಂಟ್ರೋಲರ್ ತಾನೇ ಅದನ್ನು ಎತ್ತಿ ಲೇಬಲ್‌ನಲ್ಲಿ ಬರೆದುಕೊಳ್ಳಲಿ. ಇನ್ನೊಬ್ಬರ ಲೇಬಲ್ ಮುಟ್ಟುವ ಹಕ್ಕು ಯಾವ ಪರದೆಗೂ ಇರಬಾರದು.

ಇನ್ನೂ ಒಳ್ಳೆಯ ದಾರಿ ಎಂದರೆ ಇನಿಶಿಯಲೈಸರ್‌ನಲ್ಲೇ, ಅಂದರೆ ಕಂಟ್ರೋಲರ್ ಹುಟ್ಟುವಾಗಲೇ, ಕೇಳಿ ಪಡೆಯುವುದು. ಹೊಲ ಯಾವುದೆಂದು ಹೇಳದೆ ಹೊಲದ ವಿವರದ ಪರದೆ ಹುಟ್ಟಲೇ ಕೂಡದು ಎಂದು ಕೋಡ್‌ನಲ್ಲಿ ಬರೆದರೆ, ಕೊಡಲು ಮರೆತ ತಪ್ಪನ್ನು ಕಂಪೈಲರ್ ನಿಮ್ಮ ಮೇಜಿನ ಮೇಲೆಯೇ ಹಿಡಿಯುತ್ತದೆ. ಇಲ್ಲವಾದರೆ ಅದನ್ನು ಹಿಡಿಯುವುದು ದೇವದುರ್ಗ ಕಡೆಯ ಜಾಲಹಳ್ಳಿಯ ಹೊಲದಲ್ಲಿ ನಿಂತ ರೈತ. ಸ್ಟೋರಿಬೋರ್ಡ್ ಬಳಸುವವರಿಗೂ ಐಒಎಸ್ 13ರಿಂದ ಈ ಅನುಕೂಲ ಸಿಕ್ಕಿದೆ.

ಏನನ್ನು ಕೊಡಬೇಕು ಎಂಬುದೂ ಯೋಚಿಸಬೇಕಾದ ಮಾತೇ. ಇಡೀ ಹೊಲದ ದಾಖಲೆಯ ಪ್ರತಿಯನ್ನು ಕೊಡುವ ಬದಲು, ಆ ಹೊಲವನ್ನು ಗುರುತಿಸುವ ಕೀಲಿಯನ್ನಷ್ಟೇ ಕೊಡುವುದು ನನಗೆ ಸರಿ ಕಾಣುತ್ತದೆ. ಪ್ರತಿ ಕೊಟ್ಟರೆ ಒಂದೇ ಹೊಲಕ್ಕೆ ಎರಡು ದಾಖಲೆ ಆ್ಯಪ್‌ನೊಳಗೆ ಓಡಾಡುತ್ತವೆ, ಒಂದು ಬದಲಾದರೆ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಆದರೆ ಕೀಲಿ ಎಂದರೆ ಬರೀ ‘45’ ಎಂಬ ಸಂಖ್ಯೆಯಲ್ಲ. ಪಹಣಿ ನೋಡಿದವರಿಗೆ ಗೊತ್ತಿರುವಂತೆ ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಮೂರೂ ಸೇರಿದರೆ ಮಾತ್ರ ಒಂದು ಹೊಲ ಗುರುತಾಗುತ್ತದೆ. ನಡುವಿನ ಸರ್ನೋಕ್ ಜಾಗದಲ್ಲಿ ಎಷ್ಟೋ ಸಲ ಬರೀ ನಕ್ಷತ್ರದ ಗುರುತು ಇರುತ್ತದೆ, ಹಿಸ್ಸಾದಲ್ಲಿ ಅಂಕಿಯ ಜೊತೆ ಅಕ್ಷರವೂ ಬರಬಹುದು. ಹಾಗಾಗಿ ಹಿಸ್ಸಾವನ್ನು ಪೂರ್ಣಾಂಕ ಎಂದು ಘೋಷಿಸಿದ ಆ್ಯಪ್ ಅಣ್ಣನ ಹೊಲವನ್ನು ತಮ್ಮನ ಹೊಲದೊಂದಿಗೆ ಬೆರೆಸಿಬಿಡಬಹುದು. ಮೂರನ್ನೂ ಪಠ್ಯವಾಗಿಯೇ ಇಟ್ಟು, ಅದಕ್ಕೆ ಗ್ರಾಮದ ಕೋಡ್ ಸೇರಿಸಿ, ನಾಲ್ಕನ್ನೂ ಒಂದು ಗಂಟಾಗಿ ಮುಂದಿನ ಪರದೆಗೆ ಕೊಡಿ.

ಹಿಂದಕ್ಕೆ ಹೇಳುವುದು

ಈಗ ಕಷ್ಟದ ದಿಕ್ಕು. ಬೆಳೆ ಪಟ್ಟಿಯ ಪರದೆಯಲ್ಲಿ ತೊಗರಿ ಆರಿಸಿಯಾಯಿತು. ಅದನ್ನು ಹೊಲದ ವಿವರದ ಪರದೆಗೆ ತಿಳಿಸಬೇಕು.

ಕಲಿಯುವವರು ಹೆಚ್ಚಾಗಿ ಮಾಡುವುದು ಹೀಗೆ: ನ್ಯಾವಿಗೇಶನ್ ಕಂಟ್ರೋಲರ್ ತನ್ನಲ್ಲಿ ತೆರೆದಿರುವ ಪರದೆಗಳ ಸಾಲನ್ನು ಇಟ್ಟುಕೊಂಡಿರುತ್ತದೆ. ಆ ಸಾಲಿನಲ್ಲಿ ಕೊನೆಯಿಂದ ಎರಡನೆಯದನ್ನು ಹಿಡಿದು, ಅದು ಹೊಲದ ವಿವರದ ಪರದೆಯೇ ಎಂದು ಭಾವಿಸಿ, ಅದರ ‘ಬೆಳೆ’ ವೇರಿಯಬಲ್‌ಗೆ ತೊಗರಿ ಎಂದು ತುಂಬುತ್ತಾರೆ. ಕೆಲಸ ಆಗುತ್ತದೆ, ಪ್ರಾಜೆಕ್ಟ್ ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಮುಂದಿನ ತಿಂಗಳು ಯಾರೋ ನಡುವೆ ‘ಏಕಬೆಳೆಯೋ ಮಿಶ್ರಬೆಳೆಯೋ’ ಎಂದು ಕೇಳುವ ಒಂದು ಪರದೆ ಸೇರಿಸುತ್ತಾರೆ. ಕೊನೆಯಿಂದ ಎರಡನೆಯದು ಈಗ ಬೇರೆ. ತೊಗರಿ ಎಲ್ಲಿಗೂ ತಲುಪುವುದಿಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ. ರೈತ ಮಾತ್ರ ತುಂಬಿದೆನೆಂದು ನಂಬಿ ಮನೆಗೆ ಹೋಗುತ್ತಾನೆ. ಬೀಳುವ ಆ್ಯಪ್‌ಗಿಂತ ಇದು ಕೆಟ್ಟದ್ದು, ಏಕೆಂದರೆ ಬಿದ್ದ ಆ್ಯಪ್ ಬಿದ್ದದ್ದು ಕಣ್ಣಿಗೆ ಕಾಣುತ್ತದೆ.

ತಪ್ಪಿನ ಬೇರು ಎಲ್ಲಿದೆ? ತನ್ನನ್ನು ತೆರೆದವರು ಯಾರೆಂದು ಬೆಳೆ ಪಟ್ಟಿಯ ಪರದೆ ತಿಳಿದುಕೊಂಡಿರುವುದರಲ್ಲಿ ಇದೆ. ಅದು ತಿಳಿಯಬೇಕಾದದ್ದೇ ಇಲ್ಲ. ‘ಬೆಳೆ ಆರಿಸಿದಾಗ ನಾನು ಹೇಳುತ್ತೇನೆ, ಕೇಳುವವರು ಯಾರಾದರೂ ಇರಲಿ’ ಎಂಬಷ್ಟೇ ಅದರ ನಿಲುವಾಗಿರಬೇಕು. ಈ ನಿಲುವನ್ನು ಕೋಡ್‌ನಲ್ಲಿ ಬರೆಯುವ ಪ್ರಸಿದ್ಧ ಕ್ರಮವೇ ಡೆಲಿಗೇಟ್. ಮೊದಲು ಒಂದು ಪ್ರೋಟೊಕಾಲ್, ಅಂದರೆ ಕರಾರು, ಬರೆಯಬೇಕು: ಬೆಳೆ ಆರಿಸಿದರೆ ಈ ಫಂಕ್ಷನ್, ಆರಿಸದೆ ಹಿಂದೆ ಬಂದರೆ ಆ ಫಂಕ್ಷನ್. ಬೆಳೆ ಪಟ್ಟಿಯ ಪರದೆ ‘ಈ ಕರಾರಿಗೆ ಒಪ್ಪಿದ ಯಾರೋ ಒಬ್ಬರು’ ಎಂದು ಒಂದು ವೇರಿಯಬಲ್ ಇಟ್ಟುಕೊಳ್ಳುತ್ತದೆ. ಹೊಲದ ವಿವರದ ಪರದೆ ಕರಾರಿಗೆ ಒಪ್ಪಿಕೊಂಡು, ಪಟ್ಟಿಯನ್ನು ತೆರೆಯುವಾಗ ‘ಆ ಒಬ್ಬರು ನಾನೇ’ ಎಂದು ತನ್ನನ್ನು ಅಲ್ಲಿ ಬರೆಸಿಕೊಳ್ಳುತ್ತದೆ. ತೊಗರಿ ಒತ್ತಿದಾಗ ಪಟ್ಟಿ ಕರಾರಿನ ಫಂಕ್ಷನ್ ಕರೆಯುತ್ತದೆ, ತೊಗರಿ ತಲುಪುತ್ತದೆ. ನಡುವೆ ಎಷ್ಟು ಪರದೆ ಬಂದರೂ ಕರಾರು ಮುರಿಯುವುದಿಲ್ಲ. ನಾಳೆ ಇದೇ ಬೆಳೆ ಪಟ್ಟಿಯನ್ನು ಬೆಳೆಹಾನಿ ಅರ್ಜಿಯ ಪರದೆಯಿಂದಲೂ ತೆರೆಯಬಹುದು, ಪಟ್ಟಿಯ ಕೋಡ್‌ನಲ್ಲಿ ಒಂದಕ್ಷರವನ್ನೂ ತಿದ್ದಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಆ ಡೆಲಿಗೇಟ್ ವೇರಿಯಬಲ್ ಅನ್ನು ‘ವೀಕ್’, ಅಂದರೆ ಗಟ್ಟಿಯಾಗಿ ಹಿಡಿಯದ್ದು, ಎಂದೇ ಘೋಷಿಸಬೇಕು. ಐಫೋನ್‌ನಲ್ಲಿ ಒಂದು ವಸ್ತುವನ್ನು ಯಾರಾದರೂ ಗಟ್ಟಿಯಾಗಿ ಹಿಡಿದಿರುವವರೆಗೆ ಅದು ಮೆಮೊರಿಯಲ್ಲಿ ಉಳಿಯುತ್ತದೆ. 2011ರಲ್ಲಿ ಬಂದ ಎಆರ್‌ಸಿ (ಆಟೊಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್) ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಈ ಲೆಕ್ಕವನ್ನು ಪ್ರೋಗ್ರಾಮರ್ ಕೈಯಿಂದ ಕಂಪೈಲರ್‌ಗೆ ವರ್ಗಾಯಿಸಿತು, ಆದರೆ ಲೆಕ್ಕದ ನಿಯಮ ಬದಲಾಗಲಿಲ್ಲ. ವಿವರದ ಪರದೆ ಪಟ್ಟಿಯನ್ನು ಹಿಡಿದು, ಪಟ್ಟಿ ವಿವರದ ಪರದೆಯನ್ನು ಹಿಡಿದರೆ ಎರಡೂ ಎಂದಿಗೂ ಬಿಡುಗಡೆಯಾಗುವುದಿಲ್ಲ. ಒಬ್ಬ ರೈತನ ಎರಡು ಹೊಲಕ್ಕೆ ಇದು ಗೊತ್ತಾಗದೇ ಹೋಗಬಹುದು. ದಿನವಿಡೀ ಒಂದರ ಮೇಲೊಂದು ಹೊಲ ತುಂಬುವ ಪಿ.ಆರ್. ಫೋನಿನಲ್ಲಿ ಮಾತ್ರ ಸತ್ತ ಪರದೆಗಳು ಒಟ್ಟಾಗುತ್ತ ಹೋಗಿ ಮಧ್ಯಾಹ್ನದ ಹೊತ್ತಿಗೆ ಆ್ಯಪ್ ಮುಗ್ಗರಿಸುತ್ತದೆ. ಪರದೆ ಬಿಡುಗಡೆಯಾಗುವಾಗ ಓಡುವ ‘ಡಿಇನಿಟ್’ನಲ್ಲಿ ಒಂದು ಸಾಲು ಪ್ರಿಂಟ್ ಹಾಕಿ ನೋಡಿ. ಹಿಂದೆ ಬಂದಾಗಲೂ ಆ ಸಾಲು ಕಾಣದಿದ್ದರೆ ಎಲ್ಲೋ ಹಿಡಿತ ಉಳಿದಿದೆ ಎಂದೇ ಅರ್ಥ.

ಡೆಲಿಗೇಟ್‌ಗೆ ಬದಲಾಗಿ ಕ್ಲೋಷರ್ ಕೊಡುವವರೂ ಇದ್ದಾರೆ. ‘ಬೆಳೆ ಆರಿಸಿದಾಗ ಈ ಕೋಡ್ ಓಡಿಸು’ ಎಂದು ಒಂದು ತುಂಡು ಕೋಡ್ ಅನ್ನೇ ಪಟ್ಟಿಯ ಕೈಗೆ ಕೊಡುವುದು. ಬರೆಯುವುದು ಕಡಿಮೆ, ಓದುವಾಗ ಎಲ್ಲ ಒಂದೇ ಕಡೆ ಸಿಗುತ್ತದೆ. ಆದರೆ ಆ ತುಂಡಿನೊಳಗೆ ‘ಸೆಲ್ಫ್’ ಎಂದು ಬರೆದರೆ ಮತ್ತೆ ಅದೇ ಗಟ್ಟಿ ಹಿಡಿತ, ಅಲ್ಲೂ ‘ವೀಕ್ ಸೆಲ್ಫ್’ ಬೇಕು. ಎರಡರಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಕೊನೆಯಿಲ್ಲ. ನನ್ನ ಲೆಕ್ಕ ಇಷ್ಟೇ: ಬರುವ ಉತ್ತರ ಒಂದೇ ಆದರೆ ಕ್ಲೋಷರ್ ಸಾಕು. ಹತ್ತಿಯ ಸಾಲುಗಳ ನಡುವೆ ತೊಗರಿ ಹಾಕಿದ ಹೊಲ ನಮ್ಮ ಕಡೆ ಸಾಮಾನ್ಯ. ಅಲ್ಲಿ ಮೊದಲ ಬೆಳೆ ಆರಿಸಿದೆ, ಎರಡನೆಯದು ಸೇರಿಸಿದೆ, ವಿಸ್ತೀರ್ಣ ಹಂಚಿದೆ, ಒಂದನ್ನು ತೆಗೆದೆ ಎಂದು ನಾಲ್ಕಾರು ಬಗೆಯ ಸುದ್ದಿ ಹಿಂದಕ್ಕೆ ಬರುತ್ತದೆ. ಅಲ್ಲಿ ಡೆಲಿಗೇಟ್‌ನ ಕರಾರೇ ಅಚ್ಚುಕಟ್ಟು.

ಇನ್ನೊಂದು ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಹಿಂದಿನ ಪರದೆ ಮತ್ತೆ ಕಾಣಿಸಿಕೊಳ್ಳುವಾಗ ‘ವ್ಯೂ ವಿಲ್ ಅಪಿಯರ್’ ಓಡುತ್ತದಲ್ಲ, ಅಲ್ಲೇ ಎಲ್ಲವನ್ನೂ ಹೊಸದಾಗಿ ಓದಿಕೊಂಡರಾಯಿತು ಎಂಬುದು. 2019ರಲ್ಲಿ ಐಒಎಸ್ 13 ಬಂದಾಗ ಈ ನಂಬಿಕೆ ಕೈಕೊಟ್ಟಿತು. ಅಲ್ಲಿಂದ ಮುಂದೆ ಮೇಲೆ ತೆರೆಯುವ ಪರದೆ, ಬೇರೆ ಹೇಳದಿದ್ದರೆ, ಪೂರ್ತಿ ಮುಚ್ಚದೆ ಹಾಳೆಯ ರೂಪದಲ್ಲಿ ಬರುತ್ತದೆ. ಹಿಂದಿನ ಪರದೆ ಮರೆಯಾಗಿಯೇ ಇಲ್ಲವಾದ್ದರಿಂದ ಹಾಳೆ ಇಳಿದಾಗ ಅದರ ವ್ಯೂ ವಿಲ್ ಅಪಿಯರ್ ಓಡುವುದಿಲ್ಲ. ಜೊತೆಗೆ ಆ ಹಾಳೆಯನ್ನು ಬೆರಳಿನಿಂದ ಕೆಳಗೆ ಎಳೆದರೆ ಮುಚ್ಚಿಹೋಗುತ್ತದೆ. ಮಿಶ್ರಬೆಳೆಯ ವಿಸ್ತೀರ್ಣವನ್ನು ಗುಂಟೆಗಳಲ್ಲಿ ತುಂಬುತ್ತಿರುವಾಗ ಹೆಬ್ಬೆರಳು ಜಾರಿದರೂ ಸಾಕು, ತುಂಬಿದ್ದೆಲ್ಲ ಹೋಯಿತು. ತುಂಬುವ ಕೆಲಸ ಅರ್ಧದಲ್ಲಿರುವಾಗ ‘ಈಸ್ ಮೋಡಲ್ ಇನ್ ಪ್ರೆಸೆಂಟೇಶನ್’ ಎಂಬುದನ್ನು ನಿಜ ಎಂದು ಇಟ್ಟರೆ ಎಳೆದರೂ ಮುಚ್ಚುವುದಿಲ್ಲ.

ಒಬ್ಬರ ಸುದ್ದಿ ಹಲವರಿಗೆ

ಅಪ್‌ಲೋಡ್ ಮುಗಿದ ಸುದ್ದಿ ಬೇರೆ ಜಾತಿಯದು. ಹೊಲದಲ್ಲಿ ಸಿಗ್ನಲ್ ಇರಲಿಲ್ಲ, ಮಾನ್ವಿ ಪೇಟೆಗೆ ಬಂದ ಮೇಲೆ ಫೋನ್ ತಾನಾಗಿ ಕಳಿಸಿತು ಎಂದುಕೊಳ್ಳಿ. ಆಗ ಸರ್ವೆ ನಂಬರ್ ಪಟ್ಟಿಯಲ್ಲಿ ಆ ಹೊಲದ ಮುಂದೆ ಹಸಿರು ಗುರುತು ಬರಬೇಕು, ವಿವರದ ಪರದೆಯಲ್ಲಿ ‘ಕಳಿಸಲಾಗಿದೆ’ ಎಂದಾಗಬೇಕು, ಬಾಕಿ ಎಷ್ಟು ಎಂಬ ಎಣಿಕೆ ಇಳಿಯಬೇಕು. ಕೇಳುವವರು ಮೂವರು, ಅವರಲ್ಲಿ ಕೆಲವರು ಆ ಹೊತ್ತಿಗೆ ಪರದೆಯ ಮೇಲೆ ಇಲ್ಲದೆಯೂ ಇರಬಹುದು. ಇಲ್ಲಿ ಡೆಲಿಗೇಟ್ ಸಾಲದು, ನೋಟಿಫಿಕೇಶನ್ ಸೆಂಟರ್ ಬೇಕು. ಒಂದು ಹೆಸರಿನಲ್ಲಿ ಸುದ್ದಿ ಬಿಟ್ಟರೆ ಆ ಹೆಸರಿಗೆ ಕಿವಿಗೊಟ್ಟವರಿಗೆಲ್ಲ ಅದು ತಲುಪುತ್ತದೆ.

ಸುದ್ದಿ ಯಾವ ಥ್ರೆಡ್‌ನಿಂದ ಹೊರಟಿತೋ ಅದೇ ಥ್ರೆಡ್‌ನಲ್ಲಿ ತಲುಪುತ್ತದೆ ಎಂಬುದನ್ನು ಮರೆಯಬೇಡಿ. ಅಪ್‌ಲೋಡ್ ನಡೆಯುವುದು ಹಿನ್ನೆಲೆಯಲ್ಲಿ, ಪರದೆಯನ್ನು ತಿದ್ದಬೇಕಾದದ್ದು ಮುಖ್ಯ ಥ್ರೆಡ್‌ನಲ್ಲಿ. ನಡುವೆ ದಾಟಿಸುವ ಕೆಲಸ ನಿಮ್ಮದು. ಇನ್ನು, ನೋಟಿಫಿಕೇಶನ್ ಎಷ್ಟು ಸುಲಭವೆಂದರೆ ಎಲ್ಲದಕ್ಕೂ ಅದನ್ನೇ ಬಳಸುವ ಚಾಳಿ ಬೇಗ ಹತ್ತುತ್ತದೆ. ತೊಗರಿ ಆರಿಸಿದ ಸುದ್ದಿಯನ್ನೂ ಹೀಗೆ ಬಿಟ್ಟರೆ, ಹೇಳಿದ್ದು ಯಾರು ಕೇಳಿದ್ದು ಯಾರು ಎಂಬುದನ್ನು ಕೋಡ್ ಓದಿ ಹುಡುಕುವುದೇ ದುಸ್ತರವಾಗುತ್ತದೆ. ಎರಡೇ ಪರದೆಗಳ ನಡುವಿನ ಮಾತಿಗೆ ಅದನ್ನು ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರದೆಗಳೇ ಒಂದನ್ನೊಂದು ತೆರೆಯುವ ಬದಲು, ಯಾವುದರ ನಂತರ ಯಾವುದು ಎಂದು ನಿರ್ಧರಿಸುವ ಕೋಡ್ ಅನ್ನು ಹೊರಗೆ ಒಂದು ಕಡೆ ಇಡುವ ಕ್ರಮಕ್ಕೆ ಕೋಆರ್ಡಿನೇಟರ್ ಎಂದು ಹೆಸರು. 2015ರಲ್ಲಿ ಸೊರೂಷ್ ಖಾನ್ಲೂ ಇದನ್ನು ಐಫೋನ್ ಪ್ರೋಗ್ರಾಮರ್‌ಗಳ ನಡುವೆ ಪ್ರಚಾರಕ್ಕೆ ತಂದರು. ನಾಲ್ಕು ಪರದೆಯ ಆ್ಯಪ್‌ಗೆ ಇದು ಬೇಕಿಲ್ಲ, ನಲವತ್ತು ಪರದೆಯದಕ್ಕೆ ಬೇಕೇ ಬೇಕು.

ಕ್ಯಾಮೆರಾ ತೆರೆದಾಗ ಕಳೆದುಹೋಗುವ ಹೊಲ

ಆಂಡ್ರಾಯ್ಡ್‌ಗೆ ಬರೋಣ. ಇಲ್ಲಿನ ತೊಂದರೆ ಹೆಚ್ಚು ಆಳದ್ದು, ನಮ್ಮ ಜಿಲ್ಲೆಗೆ ಹೆಚ್ಚು ಹತ್ತಿರದ್ದು.

ರೈತ ಹೊಲದ ವಿವರ ತುಂಬಿದ, ಬೆಳೆ ಆರಿಸಿದ, ‘ಫೋಟೊ ತೆಗೆ’ ಎಂದು ಒತ್ತಿದ. ಫೋನಿನ ಕ್ಯಾಮೆರಾ ಆ್ಯಪ್ ತೆರೆಯಿತು. ಅದಕ್ಕೆ ಬಹಳ ಮೆಮೊರಿ ಬೇಕು. ಕಡಿಮೆ ರ‍್ಯಾಮ್‌ನ ಅಗ್ಗದ ಫೋನ್ ಆದರೆ ಆಂಡ್ರಾಯ್ಡ್ ಆಗ ಹಿನ್ನೆಲೆಗೆ ಸರಿದ ನಮ್ಮ ಆ್ಯಪ್ ಅನ್ನೇ ಕೊಂದು ಜಾಗ ಮಾಡಿಕೊಡುತ್ತದೆ. ಫೋಟೊ ತೆಗೆದು ‘ಸರಿ’ ಒತ್ತಿದಾಗ ಆ್ಯಪ್ ಹೊಸದಾಗಿ ಹುಟ್ಟಿ, ವಿವರದ ಪರದೆಯನ್ನು ಮತ್ತೆ ಕಟ್ಟುತ್ತದೆ. ನೋಡುವವರಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ. ಆದರೆ ವೇರಿಯಬಲ್‌ಗಳಲ್ಲಿ ಇಟ್ಟಿದ್ದ ಹೊಲದ ಕೀಲಿ, ಆರಿಸಿದ ಬೆಳೆ, ಫೋಟೊ ಬರೆಯಬೇಕಾದ ಫೈಲಿನ ವಿಳಾಸ ಎಲ್ಲ ಖಾಲಿ. ಬರೆದವರ ಫೋನಿನಲ್ಲಿ ಧಾರಾಳ ರ‍್ಯಾಮ್ ಇರುವುದರಿಂದ ಅವರಿಗೆ ಇದು ಒಮ್ಮೆಯೂ ಕಾಣುವುದಿಲ್ಲ. ‘ಫೋಟೊ ತೆಗೆದ ಮೇಲೆ ಎಲ್ಲ ಮತ್ತೆ ತುಂಬಬೇಕು’ ಎಂಬ ದೂರು ಬಂದಾಗ ನಂಬುವುದೂ ಇಲ್ಲ.

ಗೂಗಲ್ ಇದನ್ನು ಅರಿತೇ ತನ್ನ ಹಳೆಯ ಕ್ರಮವನ್ನು ಬದಲಿಸಿತು. ಮೊದಲು ‘ಸ್ಟಾರ್ಟ್ ಆಕ್ಟಿವಿಟಿ ಫಾರ್ ರಿಸಲ್ಟ್’ ಎಂದು ಕರೆದು, ಉತ್ತರಕ್ಕೆ ಒಂದು ಸಾಮಾನ್ಯ ಫಂಕ್ಷನ್‌ನಲ್ಲಿ ಕಾಯುತ್ತಿದ್ದರು. ಅದರ ಜಾಗಕ್ಕೆ ಈಗ ಆಕ್ಟಿವಿಟಿ ರಿಸಲ್ಟ್ ಎಪಿಐ ಬಂದಿದೆ. ಉತ್ತರ ಬಂದಾಗ ಓಡಬೇಕಾದ ಕೋಡ್ ಅನ್ನು ಪರದೆ ಹುಟ್ಟುವಾಗಲೇ ನೋಂದಾಯಿಸಬೇಕು, ಬಟನ್ ಒತ್ತಿದಾಗ ಅಲ್ಲ. ಏಕೆಂದರೆ ಬಟನ್ ಒತ್ತಿಸಿಕೊಂಡ ಪರದೆ, ಉತ್ತರ ಪಡೆಯುವ ಪರದೆ ಎರಡೂ ಬೇರೆ ಬೇರೆ ಜನ್ಮದವು ಆಗಿರಬಹುದು. ಪ್ರತಿ ಜನ್ಮದಲ್ಲೂ ನೋಂದಣಿ ಆದರೆ ಮಾತ್ರ ಉತ್ತರಕ್ಕೆ ಹಕ್ಕುದಾರರು ಸಿಗುತ್ತಾರೆ.

ನೋಂದಣಿ ಆದರೂ ಫೈಲಿನ ವಿಳಾಸ ಕಳೆದುಹೋಗಿದ್ದರೆ ಪ್ರಯೋಜನವಿಲ್ಲ. ಆ ಎಪಿಐಯಲ್ಲಿ ಫೋಟೊ ತೆಗೆಸುವ ಕರಾರು ಹಿಂದಕ್ಕೆ ಹೇಳುವುದು ‘ಆಯಿತು’ ಅಥವಾ ‘ಆಗಲಿಲ್ಲ’ ಎಂಬಷ್ಟನ್ನೇ. ಎಲ್ಲಿ ಬರೆಯಿತು ಎಂಬುದನ್ನು ನಾವೇ ನೆನಪಿಟ್ಟಿರಬೇಕು. ಸೇವ್ಡ್ ಸ್ಟೇಟ್ ಎಂಬ ಸಣ್ಣ ಚೀಲವೊಂದನ್ನು ಆಂಡ್ರಾಯ್ಡ್ ಕೊಡುತ್ತದೆ, ಅದರಲ್ಲಿಟ್ಟದ್ದು ಮರುಜನ್ಮದಲ್ಲೂ ಸಿಗುತ್ತದೆ. 2017ರಲ್ಲಿ ಬಂದ ವ್ಯೂ ಮಾಡೆಲ್ ಇದಕ್ಕೆ ಸಾಕು ಎಂದು ಹಲವರು ತಿಳಿದಿದ್ದಾರೆ. ಸಾಲದು. ಫೋನನ್ನು ಅಡ್ಡ ತಿರುಗಿಸಿದರೆ ಅದು ಉಳಿಯುತ್ತದೆ, ಆ್ಯಪ್ ಸತ್ತರೆ ಅದೂ ಸಾಯುತ್ತದೆ. ಸೇವ್ಡ್ ಸ್ಟೇಟ್ ಹ್ಯಾಂಡಲ್ ಜೊತೆಗಿದ್ದರೆ ಮಾತ್ರ ಭದ್ರ.

ಆ ಚೀಲಕ್ಕೆ ಫೋಟೊವನ್ನೇ ತುಂಬಲು ಹೋಗುವವರೂ ಉಂಟು. ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್ ಚಿತ್ರ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 48 ಎಂಬಿ ಆಗುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಚೀಲವೂ, ಪರದೆಯಿಂದ ಪರದೆಗೆ ಇಂಟೆಂಟ್ ಎಂಬ ಸಂದೇಶದ ಮೂಲಕ ಹೋಗುವ ಮಾಹಿತಿಯೂ ದಾಟುವ ಬಫರ್‌ನ ಒಟ್ಟು ಅಳತೆಯೇ 1 ಎಂಬಿ, ಅದನ್ನೂ ಆ ಕ್ಷಣದ ಬೇರೆ ವ್ಯವಹಾರಗಳೊಂದಿಗೆ ಹಂಚಿಕೊಳ್ಳಬೇಕು. ಮೀರಿದರೆ ಆ್ಯಪ್ ಬೀಳುತ್ತದೆ. ಫೋಟೊ ಫೈಲಿನಲ್ಲಿರಲಿ, ಪರದೆಗಳ ನಡುವೆ ಓಡಾಡುವುದು ಅದರ ವಿಳಾಸ ಮಾತ್ರ. ಐಫೋನ್‌ನಲ್ಲಿ ಇಂಥ ಮಿತಿ ಇಲ್ಲದಿದ್ದರೂ ಇದೇ ಒಳ್ಳೆಯ ಅಭ್ಯಾಸ.

ಇದನ್ನೆಲ್ಲ ಮೀರಿದ ಉತ್ತರ ಒಂದಿದೆ, ನಾನು ಈ ಲೇಖನ ಬರೆಯಲು ಕುಳಿತದ್ದೂ ಅದನ್ನು ಹೇಳಲೆಂದೇ. ರೈತ ತುಂಬಿದ ಮಾಹಿತಿಗೆ ಪರದೆಗಳು ಮಾಲೀಕರಾಗಬಾರದು. ಬೆಳೆ ಆರಿಸಿದ ಕ್ಷಣವೇ ಅದು ಫೋನಿನ ಡೇಟಾಬೇಸ್‌ಗೆ ಕರಡಾಗಿ ಬರೆಯಲ್ಪಡಲಿ. ಐಫೋನ್‌ನಲ್ಲಿ ಕೋರ್ ಡೇಟಾ ಆಗಬಹುದು, ಆಂಡ್ರಾಯ್ಡ್‌ನಲ್ಲಿ ರೂಮ್ ಆಗಬಹುದು, ಎರಡರಲ್ಲೂ ಎಸ್‌ಕ್ಯೂಲೈಟ್ ಆಗಬಹುದು. ಪರದೆಗಳು ಪರಸ್ಪರ ಹೇಳಿಕೊಳ್ಳುವುದು ‘ಇಂಥ ಕೀಲಿಯ ಹೊಲ ಬದಲಾಗಿದೆ, ಓದಿಕೋ’ ಎಂಬಷ್ಟು ಚಿಕ್ಕ ಮಾತಾಗಿರಲಿ. ಆಗ ನಡುವೆ ಕರೆ ಬಂದರೂ, ಬ್ಯಾಟರಿ ಮುಗಿದರೂ, ಕ್ಯಾಮೆರಾ ಆ್ಯಪ್ ಅನ್ನು ನುಂಗಿದರೂ ಆರಿಸಿದ ಬೆಳೆ ಎಲ್ಲೂ ಹೋಗುವುದಿಲ್ಲ.

ಕನ್ನಡದ ಹೆಸರನ್ನೇ ಕಳಿಸಬೇಡಿ

ಬೆಳೆ ಪಟ್ಟಿಯಿಂದ ಹಿಂದಕ್ಕೆ ಬರುವುದು ‘ತೊಗರಿ’ ಎಂಬ ಪಠ್ಯವೋ, ಬೆಳೆಯ ಕೋಡ್ ಸಂಖ್ಯೆಯೋ? ಕನ್ನಡದಲ್ಲಿ ಆ್ಯಪ್ ಬರೆಯುವವರಿಗೆ ಈ ಪ್ರಶ್ನೆಯ ತೂಕವೇ ಬೇರೆ.

ತೊಗರಿಯ ‘ತೊ’, ಜೋಳದ ‘ಜೋ’ ಎರಡರಲ್ಲೂ ಒತ್ವವಿದೆ. ಯೂನಿಕೋಡ್‌ನಲ್ಲಿ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನಿಳಿ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ‘ಜೋ’ದಲ್ಲಿ ದೀರ್ಘವೂ ಸೇರಿ ಮೂರು ತುಂಡಾಗಬಹುದು. ಕಣ್ಣಿಗೆ ಎರಡೂ ಒಂದೇ ತೊಗರಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಒತ್ವವನ್ನು ತುಂಡುಗಳಾಗಿಯೇ ಜೋಡಿಸುತ್ತಿದ್ದರು. ಅಂಥ ಕಡತದಿಂದ ಯೂನಿಕೋಡ್‌ಗೆ ಅಜಾಗರೂಕವಾಗಿ ಪರಿವರ್ತಿಸಿದ ಪಟ್ಟಿಯಲ್ಲಿ ಆ ತುಂಡುಗಳು ಹಾಗೇ ಉಳಿದಿರುವ ಸಾಧ್ಯತೆಯಿದೆ.

ಈಗ ವಿವರದ ಪರದೆ ತನಗೆ ಬಂದ ‘ತೊಗರಿ’ಯನ್ನು ತನ್ನಲ್ಲಿರುವ ‘ತೊಗರಿ’ಯೊಂದಿಗೆ ಹೋಲಿಸುತ್ತದೆ. ಐಫೋನ್‌ನ ಸ್ವಿಫ್ಟ್ ಭಾಷೆ ಅಕ್ಷರಗಳ ಅರ್ಥ ನೋಡಿ ಹೋಲಿಸುತ್ತದೆ, ಎರಡೂ ಒಂದೇ ಎನ್ನುತ್ತದೆ. ಆಂಡ್ರಾಯ್ಡ್‌ನ ಕಾಟ್ಲಿನ್ ಸಂಕೇತಗಳನ್ನು ಒಂದೊಂದಾಗಿ ಹೋಲಿಸುತ್ತದೆ, ಬೇರೆ ಬೇರೆ ಎನ್ನುತ್ತದೆ. ಅದೇ ಆ್ಯಪ್, ಅದೇ ಹೊಲ, ಒಂದು ಫೋನಿನಲ್ಲಿ ಬೆಳೆ ಸಿಕ್ಕಿತು, ಇನ್ನೊಂದರಲ್ಲಿ ‘ಬೆಳೆ ಆರಿಸಿಲ್ಲ’. ಹತ್ತಿ, ಭತ್ತ, ಕಡಲೆ ಎಲ್ಲ ಸರಿಯಾಗಿ ಓಡುತ್ತಿದ್ದು ತೊಗರಿ, ಜೋಳದಲ್ಲಿ ಮಾತ್ರ ಕೈಕೊಡುವ ಈ ತಪ್ಪನ್ನು ಬರೀ ಕಣ್ಣಿನಲ್ಲಿ ನೋಡಿ ಹಿಡಿಯುವುದು ಅಸಾಧ್ಯ. ಆದ್ದರಿಂದ ಪರದೆಗಳ ನಡುವೆ ಬೆಳೆಯ ಕೋಡ್ ಮಾತ್ರ ಓಡಾಡಲಿ, ಕನ್ನಡದ ಹೆಸರು ತೋರಿಸುವುದಕ್ಕಷ್ಟೇ ಇರಲಿ. ಹುಡುಕು ಪೆಟ್ಟಿಗೆಯಲ್ಲಿ ಹೆಸರನ್ನು ಹೋಲಿಸಲೇಬೇಕಾದಾಗ ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಿ.

ಇಲ್ಲಿಯವರೆಗೆ ಹೇಳಿದ್ದು ಹಳೆಯ ಸಲಕರಣೆಗಳ ಮಾತು. ಐಫೋನ್‌ಗೆ 2019ರಲ್ಲಿ ಬಂದ ಸ್ವಿಫ್ಟ್‌ಯುಐ, ಆಂಡ್ರಾಯ್ಡ್‌ನಲ್ಲಿ 2021ರಲ್ಲಿ 1.0 ಆದ ಜೆಟ್‌ಪ್ಯಾಕ್ ಕಂಪೋಸ್ ಎರಡೂ ಪರದೆಗಳನ್ನು ಕಟ್ಟುವ ರೀತಿಯನ್ನೇ ಬದಲಿಸಿವೆ. ಅಲ್ಲಿ ಡೆಲಿಗೇಟ್ ಅಪರೂಪ. ಮಾಹಿತಿ ಮೇಲೆ ಒಂದು ಕಡೆ ಇರುತ್ತದೆ, ಕೆಳಗಿನ ಪರದೆಗೆ ಅದರ ಮೌಲ್ಯ ಇಳಿಯುತ್ತದೆ, ಆದದ್ದನ್ನು ತಿಳಿಸಲು ಕ್ಲೋಷರ್ ಅಥವಾ ಬೈಂಡಿಂಗ್ ಮೇಲೇರುತ್ತದೆ. ಯುಐಕಿಟ್‌ನಲ್ಲಿ ಈ ಶಿಸ್ತನ್ನು ಕಷ್ಟಪಟ್ಟು ಪಾಲಿಸಿದವರಿಗೆ ಹೊಸದು ಒಂದು ವಾರದ ಕಲಿಕೆ.

ಕೊನೆಯದಾಗಿ ಒಂದು ವಿನಂತಿ. ಆ್ಯಪ್ ಬರೆದಾದ ಮೇಲೆ ಆಂಡ್ರಾಯ್ಡ್ ಫೋನಿನ ಡೆವಲಪರ್ ಆಪ್ಷನ್ಸ್‌ಗೆ ಹೋಗಿ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಒತ್ತಿ, ಹಿನ್ನೆಲೆ ಪ್ರೋಸೆಸ್‌ಗಳ ಮಿತಿಯನ್ನು ಸೊನ್ನೆಗೆ ಇಳಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸರ್ವೆ ನಂಬರ್ ಆರಿಸಿ, ಬೆಳೆ ತೊಗರಿ ಎನ್ನಿ, ಫೋಟೊ ತೆಗೆಯಿರಿ. ಕ್ಯಾಮೆರಾದಿಂದ ಹಿಂದೆ ಬಂದಾಗ ಹೊಲವೂ ಬೆಳೆಯೂ ಫೋಟೊವೂ ಇದ್ದಲ್ಲೇ ಇದ್ದರೆ ಆ್ಯಪ್ ಅನ್ನು ರೈತರ ಕೈಗೆ ಕೊಡಿ. ಮೂರರಲ್ಲಿ ಒಂದು ಇಲ್ಲವಾದರೂ ಕೊಡಬೇಡಿ.